ಬಾಕಿ ಇಲ್ಲದ ಕಂಟ್ರಾಕ್ಟರ್

ಒಳ್ಳೆಯ ಕಂಟ್ರಾಕ್ಟರನ್ನು ಹೇಗೆ ಹುಡುಕಬೇಕೆಂದು ನನ್ನನ್ನು ಕೇಳಿ. ನಾನು ಒಂದು ಡೈಲಾಗ್ ಹೊಡೆದರೆ ಸಾಕು, ಎದುರಿನವನ ಜಾತಕವೇ ಹೊರಗೆ ಬೀಳುತ್ತದೆ!

ನಮ್ಮ ಅಡುಗೆಮನೆ ಒಡೆದು ಕಟ್ಟಿಸಬೇಕಿತ್ತು. ಹಿಂದೆ ಬಚ್ಚಲುಮನೆಗೆಂದು ಬಂದವನು ಅಡ್ವಾನ್ಸ್ ಎತ್ತಿಕೊಂಡು ಪರಾರಿಯಾಗಿದ್ದ. ಇನ್ನೊಮ್ಮೆ ಟೋಪಿ ಹಾಕಿಸಿಕೊಳ್ಳುವ ಶಕ್ತಿ ಅಮ್ಮನಿಗಿರಲಿಲ್ಲ. ಅಮ್ಮ ಮಾತಾಡಿಟ್ಟಿದ್ದ ಮೂವರಲ್ಲಿ ಸಾಲದಲ್ಲಿ ಮುಳುಗಿದವನು ಯಾರೆಂದು ತಿಳಿಯಲು, ನಾನು ಅಮ್ಮನ ಫೋನಿನಿಂದಲೇ ದನಿ ದಪ್ಪ ಮಾಡಿ ಕೇಳಿದೆ: "ಟೈಲ್ಸ್ ಅಂಗಡಿಯಿಂದ ಮಾತಾಡ್ತಿದೀನಿ. ಹಳೇ ಬಾಕಿ ಯಾವಾಗ ಕೊಡ್ತೀರಾ?"

ಮೊದಲನೆಯವನು, "ಅಣ್ಣಾ, ಸೋಮವಾರ ಗ್ಯಾರಂಟಿ, ನನ್ನ ಮಕ್ಕಳಾಣೆ!" ಎಂದ.

ಎರಡನೆಯವನು, "ಯಾವ ಟೈಲ್ಸ್ ಅಂಗಡಿ ಅಣ್ಣಾ, ದೊಡ್ಡದಾ ಚಿಕ್ಕದಾ?" ಎಂದ.

ಮೂರನೆಯವರು ಮಾತ್ರ, "ನಾನು ಯಾರಿಗೂ ಒಂದು ಪೈಸೆ ಉಳಿಸ್ಕೊಂಡಿಲ್ಲ. ಬಿಲ್ ತಗೊಂಡು ಬಾರಯ್ಯಾ!" ಎಂದು ಗುಡುಗಿದರು. ಹೀರೋ ಎಂಟ್ರಿ ಎಂದರೆ ಇದು!

"ಅಮ್ಮಾ, ಇವರೇ ಫಿಕ್ಸ್," ಎಂದೆ.

ಆದರೆ ಅವರು ಬರಲೇ ಇಲ್ಲ. ತುಂಬಾ ಬ್ಯುಸಿಯಂತೆ ಎಂದು ಅಮ್ಮನಿಗೆ ಹೇಳಿದ್ದೇನೆ. ನಿಮಗೆ ನಿಜ ಹೇಳಿಬಿಡುತ್ತೇನೆ. ಆ ಮನುಷ್ಯ ಗಿರಾಕಿಗಳ ನಂಬರನ್ನೆಲ್ಲ ಹೆಸರು ಹಾಕಿ ಸೇವ್ ಮಾಡಿಕೊಂಡಿರುತ್ತಾರೆ, ಅಮ್ಮನದನ್ನೂ. ವಾಪಸ್ ಫೋನ್ ಮಾಡಿದಾಗ ಎತ್ತಿದವನೂ ನಾನೇ.

"ತಮ್ಮಾ, ನಾನೂ ಜನ ಎಂಥವ್ರು ಅಂತ ನೋಡೇ ಕೆಲಸ ಒಪ್ಕೊಳ್ಳೋದು. ನಿಮ್ಮನೆ ನನಗೆ ಬೇಡ," ಎಂದು ಫೋನ್ ಇಟ್ಟುಬಿಟ್ಟರು.