ಹೆಸರಿಡದ ವ್ರತ

ಸುದ್ದಿ ಬಂದಾಗ ಅಜ್ಜಿ ಮಣ್ಣಿನ ಹೂಜಿಯನ್ನು ತೊಳೆಯುತ್ತಿದ್ದಳು. ಮೊಮ್ಮಗ ಮಧ್ಯಾಹ್ನ ಮನೆಗೆ ಬಂದು ಉಪವಾಸ ಬಿಡುವವನಿದ್ದ. ತಂಗಳು ನೀರು ಕುಡಿದು ಉಪವಾಸ ಬಿಡಬಾರದೆಂದು ಹೂಜಿಯನ್ನು ಬರಿದು ಮಾಡಿ, ಒಳಗೆಲ್ಲ ಕೈಯಾಡಿಸಿ ಉಜ್ಜಿ, ಹೊಸ ನೀರು ತುಂಬುವುದರಲ್ಲಿದ್ದಳು. ನಡುಮನೆಯಲ್ಲಿ ಮಗನ ಫೋನು ಹೊಡೆದುಕೊಂಡಿತು. ಬಸ್ ಡಿಪೋದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದವನು ಎದ್ದು "ಹಲೋ" ಎಂದ. ಆಮೇಲೆ ಫೋನನ್ನು ಕಿವಿಗೆ ಒತ್ತಿಕೊಂಡೇ ಬಚ್ಚಲ ಬಾಗಿಲಿಗೆ ಬಂದ. ಬಚ್ಚಲಿನ ನಲ್ಲಿ ಸುರಿಯುತ್ತಲೇ ಇತ್ತು.

"ಯಾರದಪ್ಪಾ ಫೋನು?"

"ಅಂಗಡಿಯಿಂದ. ಗುಂಡ ಬಿದ್ದುಬಿಟ್ಟನಂತೆ."

"ಬಿದ್ದರೆ ಎಬ್ಬಿಸಲಿ. ಹೊಟ್ಟೇಲಿ ಏನೂ ಇಲ್ಲ ನೋಡು, ತಲೆ ಸುತ್ತಿರುತ್ತೆ. ಒಂದು ಲೋಟ ನೀರು ಕೊಡೋಕೆ ಹೇಳು. ದೇವರೇನೂ ತಪ್ಪು ತಿಳ್ಕೊಳ್ಳಲ್ಲ."

ಮಗ ತಾಯಿಯ ಮುಖ ನೋಡಿದ.

"ಎಬ್ಬಿಸಿದರಂತಮ್ಮಾ. ಏಳಲಿಲ್ಲವಂತೆ."

ಆಸ್ಪತ್ರೆಯಲ್ಲಿ ಅವನನ್ನು ಕೊನೆಯ ಮಂಚದ ಮೇಲೆ ಮಲಗಿಸಿ ಪರದೆ ಎಳೆದಿದ್ದರು. ಚಿಕ್ಕ ವಯಸ್ಸಿನ ಡಾಕ್ಟರು ಗೋಡೆಗೆ ಒರಗಿ ನಿಂತು, ಕನ್ನಡಕ ಒರೆಸುತ್ತ, ಕೇಳಬಾರದ್ದನ್ನು ಕೇಳುವವರ ಹಾಗೆ ಕೇಳಿದರು: "ಮನೇಲಿ ನೀರು ಕುಡೀತಿರಲಿಲ್ವಾ?"

ತಂದೆಗೆ ಗೊತ್ತಿರಲಿಲ್ಲ. ಅಜ್ಜಿ ಹೇಳಿದಳು. "ನೀರನ್ನೂ ಬಿಟ್ಟಿದ್ದ. ಮೊನ್ನೆಯಿಂದ ಒಂದು ತೊಟ್ಟೂ ಇಲ್ಲ."

"ಮೈಯಲ್ಲಿರೋ ನೀರು ಇಳಿಸೋ ಮಾತ್ರೇನೂ ತಗೊಂಡಿದಾನೆ. ಜೇಬಲ್ಲಿ ಇತ್ತು. ಎರಡೂ ಸೇರಿದರೆ ಹೃದಯ ತಡೆಯಲ್ಲಮ್ಮಾ. ಚರ್ಮ ಒಣಗಿ ಮಾಂಸಕ್ಕೆ ಅಂಟಿಕೊಂಡರೆ ಹೊಟ್ಟೆ ಮೇಲೆ ಗೆರೆಗಳು ಎದ್ದು ಕಾಣುತ್ತವೆ. ಅದಕ್ಕೇ ಮಾಡ್ತಾರೆ. ಫೋಟೋಕ್ಕೆ."

"ಫೋಟೋಕ್ಕಾ?"

"ಹೌದು."

"ದೇವರಿಗಲ್ವಾ?"

ಡಾಕ್ಟರಿಗೆ ಆ ಪ್ರಶ್ನೆ ಅರ್ಥವಾಗಲಿಲ್ಲ. ಮುದುಕಿಯನ್ನು ಕೂರಿಸಿ ಎಂದು ಯಾರಿಗೋ ಸನ್ನೆ ಮಾಡಿ ಹೊರಟುಹೋದರು.

ಗುಂಡ ಎಂಬುದು ತೊಟ್ಟಿಲಲ್ಲಿ ಬಂದ ಹೆಸರು. ಕೈಕಾಲುಗಳಲ್ಲಿ ಮಡಿಕೆ ಬೀಳುವಷ್ಟು ದುಂಡಗಿದ್ದನೆಂದು ಅಜ್ಜಿಯೇ ಹಾಗೆ ಕರೆದದ್ದು. ಬೆಳೆದ ಮೇಲೆ ಹೆಸರಿಗೂ ಅವನಿಗೂ ಸಂಬಂಧ ಉಳಿಯಲಿಲ್ಲ. ಸಿದ್ಧ ಉಡುಪಿನ ದೊಡ್ಡ ಅಂಗಡಿಯೊಂದರಲ್ಲಿ ಅವನಿಗೆ ಕೆಲಸ. ಗಾಜಿನ ಕಿಟಕಿಯಲ್ಲಿ ನಿಲ್ಲಿಸುವ ಗೊಂಬೆಗಳಿಗೆ ಬಟ್ಟೆ ಉಡಿಸುವುದು ಅವನ ಪಾಲಿನದು. ಗೊಂಬೆಗೂ ಅಂಗಿ ಮೈಗೆ ಸರಿಯಾಗಿ ಕೂರುವುದಿಲ್ಲ. ಬೆನ್ನ ಹಿಂದೆ ಬಟ್ಟೆಯನ್ನು ಎಳೆದು ಹಿಡಿದು ಪಿನ್ನು ಚುಚ್ಚಿದರೆ ಮುಂದಿನಿಂದ ನೋಡುವವರಿಗೆ ಸೊಂಟ ಸಣ್ಣದಾಗಿ, ಎದೆ ಅಗಲವಾಗಿ ಕಾಣುತ್ತದೆ. ಈ ಮೋಸವನ್ನು ಬೆಳಿಗ್ಗೆ ಎದ್ದು ತನ್ನ ಕೈಯಿಂದಲೇ ಮಾಡುತ್ತಿದ್ದವನು, ಗೊಂಬೆಯ ಹಾಗೆ ತಾನಿಲ್ಲವಲ್ಲ ಎಂದು ಕೊರಗಿದ.

ಕೊರಗು ಹಚ್ಚಿದವನು ಮಾಲೀಕ. ಮೈಗೆ ಅಂಟುವಂಥ ಹೊಸ ಬನಿಯನ್ನುಗಳು ಬಂದಿದ್ದವು. ಅಂಗಡಿಯ ನೆತ್ತಿಯ ಮೇಲೆ ದೊಡ್ಡ ಪಟ ಹಾಕಬೇಕಿತ್ತು. ಹೊರಗಿನವರನ್ನು ಕರೆಸುವುದೇಕೆ, ನಮ್ಮ ಹುಡುಗನೇ ಲಕ್ಷಣವಾಗಿದ್ದಾನಲ್ಲ ಎಂದು ಅವನೇ ಗುಂಡನನ್ನು ಆರಿಸಿದ. ಆರಿಸಿದ ಮೇಲೆ ಎಲ್ಲರೆದುರಿಗೆ ಅಂಗಿ ಎತ್ತಿಸಿ ಹೊಟ್ಟೆಯನ್ನು ಬೆರಳಿನಿಂದ ಒತ್ತಿ ನೋಡಿದನಂತೆ.

"ಇದೇನಯ್ಯಾ, ಕಲಸಿಟ್ಟ ಹಿಟ್ಟಿನ ಹಾಗಿದೆ!"

"ತೂಕ ಸರಿಯಾಗಿದೆ ಸಾರ್. ಡಾಕ್ಟರೇ ಹೇಳಿದಾರೆ, ಎತ್ತರಕ್ಕೆ ತಕ್ಕ ಹಾಗಿದೀಯ, ಹೀಗೇ ಇರು ಅಂತ."

"ತೂಕ ಡಾಕ್ಟರಿಗಿರಲಿ. ನನಗೆ ಗೆರೆ ಬೇಕು."

ಇದೆಲ್ಲ ಮನೆಯವರಿಗೆ ತಿಳಿದದ್ದು ಹೆಣದ ಮುಂದೆ ಕೂತಿದ್ದ ಅಂಗಡಿಯ ಹುಡುಗರಿಂದ. ಮೊದಲು ತಿಳಿದಿದ್ದುದು ಇಷ್ಟೇ: ಅವನು ಜಿಮ್ಮಿಗೆ ಸೇರಿದ್ದಾನೆ. ತಂದೆ, "ಸೇರಲಿ ಬಿಡು, ಸಿಗರೇಟು ಸೇದೋದಕ್ಕಿಂತ ವಾಸಿ" ಎಂದು ಸುಮ್ಮನಾದ.

ಆದರೆ ಕಸರತ್ತು ಮಾಡುವವರು ಹೆಚ್ಚಾಗಿ ತಿನ್ನುತ್ತಾರೆ ಎಂಬುದು ಅಜ್ಜಿಯ ತಿಳಿವಳಿಕೆ. ಇವನು ಒಂದೊಂದಾಗಿ ಬಿಡುತ್ತ ಬಂದ. ಸಿಹಿ ಬಿಟ್ಟ. ಅನ್ನ ಬಿಟ್ಟ. ಉಪ್ಪು ಬಿಟ್ಟ. ಬೆಳಕು ಹರಿಯುವ ಮೊದಲೇ ಎದ್ದ. ಸಂಜೆ ಬಂದವನು ಟೀವಿಯತ್ತ ತಿರುಗದೆ ಗೋಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿ ಕೂತ. ಗಂಡನ ಕಾಯಿಲೆಯಲ್ಲಿ ತಾನೂ ಹೀಗೆಯೇ ಒಂದೊಂದಾಗಿ ಬಿಟ್ಟು, ಕೊನೆಗೆ ನೀರನ್ನೂ ಮುಟ್ಟದೆ ವ್ರತ ಹಿಡಿದವಳು ಅವಳು. ಮೈ ಸರಿಯಾಗಿರುವ ಹುಡುಗ ಉಪ್ಪು ಬಿಡುವುದಕ್ಕೆ ಅವಳ ಬಾಳಿನಲ್ಲಿ ಬೇರೆ ಕಾರಣವೇ ಇರಲಿಲ್ಲ.

"ವ್ರತ ಹಿಡಿದಿದೀಯೇನೋ?" ಎಂದು ಒಂದು ದಿನ ಕೇಳಿದಳು.

ಅವನಿಗೆ ನಗು ಬಂತು. "ಹೂಂ ಅಜ್ಜೀ, ಹಾಗೇ ಅಂದ್ಕೋ."

"ಯಾವ ದೇವರಿಗೋ?"

"ಇನ್ನೂ ಹೆಸರಿಟ್ಟಿಲ್ಲ."

"ತಮಾಷೆ ಮಾಡಬೇಡ, ನಾಲಿಗೆ ಸುಟ್ಟೀತು" ಎಂದು ಗದರಿದಳು. ಒಳಗೊಳಗೇ ಹಿಗ್ಗಿದಳು. ಹೇಳಿಕೊಳ್ಳದಿರುವುದೂ ವ್ರತದ ನೇಮವೇ. ಆ ಸಂಜೆ ಎದುರುಮನೆಯ ದರ್ಜಿಯ ಹೆಂಡತಿಗೆ ಹೇಳಿದಳು. ಅವಳು, "ಪುಣ್ಯ ಮಾಡಿದೀರಿ ಬಿಡಿ. ನಮ್ಮನೇಲೂ ಒಬ್ಬ ಇದಾನೆ, ದೇವರು ಅಂದರೆ ಸಾಕು, ಮಗ್ಗುಲು ಬದಲಾಯಿಸ್ತಾನೆ" ಎಂದಳು. ಅಜ್ಜಿಗೆ ಹೊಟ್ಟೆ ತುಂಬಿತು.

ಸೊಸೆಗೆ ಮಾತ್ರ ಸಮಾಧಾನವಿರಲಿಲ್ಲ. "ಅತ್ತೆ, ಅವನ ಕಣ್ಣು ನೋಡಿ. ಗುಳಿ ಬಿದ್ದಿವೆ."

"ತಪಸ್ಸು ಮಾಡೋರ ಕಣ್ಣು ಹಾಗೇ ಕಣೇ. ನೀನು ತಾಯಿ, ನಿನಗೆ ಹೊಟ್ಟೆ ಮಾತ್ರ ಕಾಣುತ್ತೆ."

ನೀರು ಬಿಟ್ಟದ್ದು ಗೊತ್ತಾದ ದಿನ ಅಜ್ಜಿ ಹೂಜಿಯನ್ನು ಅಡುಗೆಮನೆಯಿಂದ ಎತ್ತಿಕೊಂಡು ಹೋಗಿ ತನ್ನ ಕೋಣೆಯ ಮೂಲೆಯಲ್ಲಿಟ್ಟು ಮೇಲೊಂದು ಬಟ್ಟೆ ಮುಚ್ಚಿದಳು. ಹೂಜಿ ಎಲ್ಲಿ ಎಂದು ಕೇಳಿದ ಸೊಸೆಗೆ, "ಅವನ ಕಣ್ಣಿಗೆ ಬೀಳೋದು ಬೇಡ. ಕಾಯೋರಿಗೂ ಅದರಲ್ಲಿ ಪಾಲಿದೆ" ಎಂದಳು.

ಮರುದಿನ ಸಂಜೆ ಮಗ ಪಾಳಿಗೆ ಹೋಗಿದ್ದ. ಸೊಸೆ ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಗುಂಡ ಅಂಗಡಿಯಿಂದ ಬೇಗ ಬಂದವನು ಫೋನಿನಲ್ಲಿ ಯಾರೊಂದಿಗೋ "ಸರಿ, ಕುಡೀತೀನಿ" ಎನ್ನುತ್ತ ಗೋಡೆ ಹಿಡಿದುಕೊಂಡು ಅಜ್ಜಿಯ ಕೋಣೆಗೆ ಬಂದ. ಬಟ್ಟೆ ಸರಿಸಿ, ಹೂಜಿಯನ್ನು ಬಗ್ಗಿಸಿ ಲೋಟ ತುಂಬಿಕೊಂಡ. ತುಟಿಗಳು ಬಿರಿದಿದ್ದವು.

ಅಜ್ಜಿ ಅವನ ಮುಂಗೈ ಹಿಡಿದಳು.

"ಬೇಡ ಕಣೋ ಮಗಾ. ಇಷ್ಟು ದೂರ ಬಂದು ದಡದಲ್ಲಿ ಬಿಡ್ತೀಯಾ? ಬೆಳಗಾದರೆ ಮುಗೀತು ಅಂದಿದ್ದೆಯಲ್ಲ."

"ಒಂದು ಗುಟುಕು ಅಜ್ಜೀ."

"ಒಂದು ಗುಟುಕೇ ವ್ರತ ಕೆಡಿಸೋದು. ತಾಳಿಕೋ. ನಿಮ್ಮ ತಾತನಿಗೋಸ್ಕರ ನಾನು ತಾಳಲಿಲ್ಲವೇ?"

ಅವನು ಲೋಟದೊಳಗಿನ ನೀರನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಅಂಗಿಯ ತುದಿ ಎತ್ತಿ ತನ್ನ ಹೊಟ್ಟೆಯನ್ನು ನೋಡಿಕೊಂಡ. ಅದೇಕೆಂದು ಅಜ್ಜಿಗೆ ತಿಳಿಯಲಿಲ್ಲ.

"ಹೌದಜ್ಜೀ, ನೀನು ಹೇಳೋದೇ ಸರಿ. ಬೆಳಿಗ್ಗೆ ತನಕ ತಾನೆ" ಎಂದು ಲೋಟವನ್ನು ಅವಳ ಕೈಗೇ ಕೊಟ್ಟ. ಅವಳು ನೀರನ್ನು ಹೂಜಿಗೆ ಮರಳಿ ಸುರಿದು, ಅವನ ತಲೆಯ ಮೇಲೆ ಕೈಯಿಟ್ಟು ಹರಸಿದಳು. ತಲೆ ಕಾದಿತ್ತು.

ಮಣ್ಣು ಮಾಡಿ ಬಂದ ಮೇಲೆ ನಡುಮನೆಯಲ್ಲಿಡಲು ಒಂದು ಪಟ ಬೇಕಾಯಿತು. ತಂದೆ ಅವನ ಫೋನು ತೆರೆದು ಹುಡುಕಿದ. ಕನ್ನಡಿಯ ಮುಂದೆ ನಿಂತು ತೆಗೆದುಕೊಂಡ ಪಟಗಳು, ಬೆರಳು ಸರಿಸಿದಷ್ಟೂ. ಎಲ್ಲದರಲ್ಲೂ ಹೊಟ್ಟೆಯಿತ್ತು. ಮುಖ ಒಂದರಲ್ಲೂ ಇರಲಿಲ್ಲ. ಕೊನೆಗೆ ಅಂಗಡಿಯ ಗುರುತಿನ ಚೀಟಿಯಲ್ಲಿದ್ದುದನ್ನೇ ದೊಡ್ಡದು ಮಾಡಿಸಿದರು. ಅದರಲ್ಲಿ ಕೆನ್ನೆ ತುಂಬಿತ್ತು.

ಆ ಪಟದ ಮುಂದೆ ಎಲ್ಲರೂ ಕೂತಿದ್ದಾಗ ಜಿಮ್ಮಿನ ಮಾಸ್ಟರು ಬಂದ. ಬಾಗಿಲು ತುಂಬುವಂಥ ಆಳು, ಚಪ್ಪಲಿ ಎಲ್ಲಿ ಬಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತಿದ್ದ. ತಂದೆ ಎದ್ದವನೇ ಅವನ ಕೊರಳಪಟ್ಟಿ ಹಿಡಿದ.

"ಮಾತ್ರೆ ಕೊಟ್ಟೋನು ನೀನೇ ಅಲ್ವೇನೋ?"

"ಕೊಟ್ಟೆ ಸಾರ್. ಎಲ್ಲರೂ ತಗೋತಾರೆ, ನಾನೂ ತಗೊಂಡಿದೀನಿ. ಇಲ್ಲ ಅನ್ನಲ್ಲ, ಹೊಡೀರಿ. ಆದರೆ ಹಿಂದಿನ ಸಂಜೆ ತಲೆ ತಿರುಗುತ್ತೆ ಅಂತ ಫೋನ್ ಮಾಡಿದ್ದ. ಫೋಟೋ ಹಾಳಾಗಿ ಹೋಗಲಿ, ಈಗಲೇ ನೀರು ಕುಡಿ ಅಂದೆ. ಕುಡೀತೀನಿ ಅಂದ. ದೇವರಾಣೆ ಹಾಗಂದ."

"ಸುಳ್ಳು ಬೊಗಳಬೇಡ! ಮನೆ ತುಂಬ ನೀರಿತ್ತು. ನೀನಲ್ಲದೆ ಇನ್ಯಾರೋ ಅವನಿಗೆ ಕುಡೀಬೇಡ ಅಂದೋರು?"

"ನಾನು" ಎಂದಳು ಅಜ್ಜಿ.

ಅವಳು ಮತ್ತೆ ಹೇಳಿದಳು. "ಲೋಟ ಅವನ ಕೈಯಲ್ಲಿತ್ತು. ನಾನೇ ಇಸಕೊಂಡೆ."

ಮಗನ ಹಿಡಿತ ಸಡಿಲವಾಗಲಿಲ್ಲ. ತಾಯಿಯತ್ತ ತಿರುಗದೆಯೇ, "ಅಮ್ಮ, ಒಳಗೆ ಹೋಗು" ಎಂದ.

ಹುಡುಗನ ಸೋದರಮಾವ ಎದ್ದು ಬಂದು ಅವಳ ತೋಳು ಹಿಡಿದ. "ಬನ್ನಿ ಅಮ್ಮಾ, ಮಲಕೊಳ್ಳಿ. ದುಃಖದಲ್ಲಿ ಏನೇನೋ ಅನ್ನಿಸುತ್ತೆ. ವಯಸ್ಸಾದೋರು, ಪಾಪ" ಎಂದು ಉಳಿದವರಿಗೂ ಕೇಳುವಂತೆ ಹೇಳಿದ. ಕೂತಿದ್ದವರು ತಲೆಯಾಡಿಸಿದರು. ಮಾಸ್ಟರು ಮಾತ್ರ ಅವಳನ್ನು ನೆಟ್ಟ ನೋಟದಿಂದ ನೋಡಿ, ಕಣ್ಣು ತಗ್ಗಿಸಿದ. ಅವಳು ಒಳಗೆ ಬಂದು ಮಂಚದ ಮೇಲೆ ಕೂತಾಗ ಹೊರಗೆ ಕೆನ್ನೆಗೆ ಬಿದ್ದ ಏಟಿನ ಸದ್ದು ಕೇಳಿತು. ಆ ಏಟಿನಲ್ಲಿ ಅವಳ ಪಾಲನ್ನೂ ಮಾಸ್ಟರೇ ತಿಂದ.

ಸೊಸೆ ಅಂದಿನ ನಂತರವೂ ಎಂದಿನಂತೆ ಸಂಜೆಗೊಮ್ಮೆ ಲೋಟದಲ್ಲಿ ನೀರು ತಂದು ಅತ್ತೆಯ ಮಂಚದ ಪಕ್ಕದಲ್ಲಿಡುತ್ತಾಳೆ. ಒಂದು ದಿನವೂ ತಪ್ಪಿಸಿಲ್ಲ. "ಅತ್ತೆ" ಎಂಬ ಮಾತು ಮಾತ್ರ ಅವಳ ಬಾಯಿಂದ ಮತ್ತೆ ಬಂದಿಲ್ಲ.

ಅಂಗಡಿಯ ನೆತ್ತಿಯ ಮೇಲೆ ಈಗ ಬನಿಯನ್ನು ತೊಟ್ಟ ಗೊಂಬೆಯೊಂದರ ಪಟವಿದೆ. ಮಗ ಬಸ್ಸಿನಲ್ಲಿ ಆ ದಾರಿಯಾಗಿಯೇ ಪಾಳಿಗೆ ಹೋಗುತ್ತಾನೆ. ಗೊಂಬೆಗೆ ತಲೆಯಿಲ್ಲ ಎಂದು ಒಮ್ಮೆ ಊಟಕ್ಕೆ ಕೂತಾಗ ಹೇಳಿದ.

ಹೂಜಿ ಅಡುಗೆಮನೆಯ ತನ್ನ ಜಾಗಕ್ಕೆ ಮರಳಿದೆ. ಅಜ್ಜಿ ಅದರತ್ತ ಹೋಗುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ಸೊಸೆ ಇಟ್ಟುಹೋದ ಲೋಟವನ್ನು ಎತ್ತಿಕೊಂಡು ನಡುಮನೆಗೆ ಬರುತ್ತಾಳೆ. ಪಟದ ಮುಂದೆ ಅದನ್ನಿಟ್ಟು, ಮೊಣಕಾಲು ಹಿಡಿದುಕೊಂಡು ಕೂರುತ್ತಾಳೆ. ಕೈಮುಗಿಯುತ್ತಾಳೆ.

"ದೇವರೇ, ನನಗೆಂದು ನಾನು ಏನೂ ಕೇಳುವುದಿಲ್ಲ. ಹುಡುಗ ಬಾಯಾರಿ ಬಂದಿದ್ದಾನೆ. ಅವನ ವ್ರತ ನಿನ್ನದಾಗಿರಲಿಲ್ಲ, ಅದು ನಿನಗೂ ಗೊತ್ತು. ಆದರೂ ಬೆಳಗಿನವರೆಗೆ ತಾಳೆಂದು ಹೇಳಬೇಡ. ಮೊದಲು ನೀರು ಕೊಡು. ಕುಡಿದು, ಹೊಟ್ಟೆ ತುಂಬ ಕುಡಿದು, ಮಲಗಲಿ. ನನ್ನ ಗುಂಡನಿಗೆ ಶಾಂತಿ ಕೊಡು."