ಸಮಾಧಾನದ ಕೀರ್ತನೆಗೆ ಎರಡು ಧಾಟಿ

ಚಾಮರಾಜನಗರದ ಸಣ್ಣ ಚರ್ಚಿನಲ್ಲಿ ಬೋರಯ್ಯ ಮೇಷ್ಟ್ರು ಮೂವತ್ತು ವರ್ಷದಿಂದ ಹಾರ್ಮೋನಿಯಂ ನುಡಿಸುತ್ತಿದ್ದರು. ಇರುವ ಕೀರ್ತನೆಗಳಲ್ಲೆಲ್ಲ ಅವರಿಗೆ ಒಂದರ ಮೇಲೆ ಹೆಚ್ಚು ಪ್ರೀತಿ:

‘ಸಮಾಧಾನದೊಡೆಯ, ಬಂದು ನಮ್ಮಲಿ ತಂಗು,
ಅಂಜಿದ ಎದೆಗೆ ನಿನ್ನ ಮಾತೇ ಇಂಬು.’

ಮೈಸೂರಿನಲ್ಲಿ ಟೀಚರ್ ಟ್ರೈನಿಂಗ್ ಓದುವಾಗ ಮುದಿ ಪಾದ್ರಿಯೊಬ್ಬರು ಅದರ ಇಂಗ್ಲಿಷ್ ಧಾಟಿಯನ್ನು ಅವರ ಬೆರಳು ಹಿಡಿದು ಕಲಿಸಿದ್ದರು. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುವ, ಎಲ್ಲಿ ಏರಬೇಕೋ ಅಲ್ಲಿ ಏರುವ ಧಾಟಿ. ಅದೇ ಸರಿಯಾದದ್ದು ಎಂಬುದರಲ್ಲಿ ಮೇಷ್ಟ್ರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಗುಂಡ್ಲುಪೇಟೆಯ ಸಭೆಯವರು ಮಾತ್ರ ಅದೇ ಸಾಲುಗಳನ್ನು ರಾಗಿ ಬೀಸುವ ಪದದ ಧಾಟಿಯಲ್ಲಿ ಎಳೆದೆಳೆದು ಹಾಡುತ್ತಿದ್ದರು. ತೊಂಬತ್ತಮೂರರಲ್ಲಿ ಅವರ ಚರ್ಚಿನ ವಾರ್ಷಿಕೋತ್ಸವಕ್ಕೆ ಮೇಷ್ಟ್ರನ್ನು ಹೆಂಡತಿಯ ಸಮೇತ ಕರೆಸಿದ್ದರು. ಅವರು ತಮ್ಮ ಧಾಟಿಯನ್ನು ನುಡಿಸಿದರು. ಒಬ್ಬರೂ ಬಾಯಿ ಬಿಡಲಿಲ್ಲ. ಆಮೇಲೆ ಹೆಂಗಸರ ಸಾಲಿನಿಂದ ಮೂಗಮ್ಮ ತಮ್ಮೂರ ಧಾಟಿ ಎತ್ತಿದಳು. ಅವಳು ಬೇರೆ ಯಾರೂ ಅಲ್ಲ, ಮೇಷ್ಟ್ರ ಹೆಂಡತಿ ಚಿಕ್ಕಮಾದಮ್ಮನ ಒಡಹುಟ್ಟಿದ ತಂಗಿ. ಕಣ್ಣು ಮಿಟುಕಿಸುವುದರಲ್ಲಿ ಇಡೀ ಸಭೆ ಅವಳ ಹಿಂದೆ ಹೋಯಿತು. ಮೇಷ್ಟ್ರು ಹಾರ್ಮೋನಿಯಂ ಪೆಟ್ಟಿಗೆ ಮುಚ್ಚಿ ಎದ್ದರು.

“ದೇವ್ರ ಪದನ ಬೀಸೋಕಲ್ ಪದ ಮಾಡ್ಬುಟ್ಟವ್ರೆ! ನಡಿ ಓಗನ,” ಎಂದು ಊಟವನ್ನೂ ಮಾಡದೆ ಬಸ್ ಹತ್ತಿದರು. ಚಿಕ್ಕಮಾದಮ್ಮ ಹಿಂದೆ ಬಂದಳು. ಅಂದಿನಿಂದ ಗುಂಡ್ಲುಪೇಟೆಯ ನಂಟು ಕಡಿದಂತಾಯಿತು. ಅಕ್ಕತಂಗಿಯರು ಯಾರದಾದರೂ ಮದುವೆಯಲ್ಲಿ ಕಂಡರೆ ಕಂಡರು, ಇಲ್ಲದಿದ್ದರೆ ಇಲ್ಲ.

ಮೂರು ವರ್ಷ ಕಳೆಯಿತು. ಒಂದು ಬೆಳಿಗ್ಗೆ ಅಕ್ಕಿ ಕೇರುತ್ತಿದ್ದ ಚಿಕ್ಕಮಾದಮ್ಮ ಮೊರದ ಮೇಲೇ ಬಿದ್ದಳು. ಮೈಸೂರಿನ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇದ್ದು ಮನೆಗೆ ಬಂದಾಗ ಲಕ್ವ ಹೊಡೆದ ಬಲಗೈಯಲ್ಲಿ ಶಕ್ತಿ ಇರಲಿಲ್ಲ, ಮಾತೂ ಹೋಗಿತ್ತು. ನೀರು ಕೇಳಲು ಹೊರಟರೂ ‘ಬಾ, ಬಾ’ ಎಂಬುದಷ್ಟೇ ಬರುತ್ತಿತ್ತು. ತಾನು ಹೇಳಿದ್ದು ಯಾರಿಗೂ ತಿಳಿಯಲಿಲ್ಲವೆಂದರೆ ಎಡಗೈಯಿಂದ ಲೋಟ ತಳ್ಳಿಬಿಡುತ್ತಿದ್ದಳು.

“ಮಾತಾಡಿಸ್ತಾ ಇರಿ, ಇಷ್ಟವಾದದ್ದು ಕೇಳಿಸಿ,” ಎಂದಿದ್ದರು ಡಾಕ್ಟರು. ಮೇಷ್ಟ್ರಿಗೆ ಹೊಳೆದದ್ದು ಒಂದೇ. ದಿನಾ ಸಂಜೆ ಮಂಚದ ಪಕ್ಕ ಹಾರ್ಮೋನಿಯಂ ಇಟ್ಟುಕೊಂಡು ಸಮಾಧಾನದ ಕೀರ್ತನೆ ನುಡಿಸಿದರು. ಚಿಕ್ಕಮಾದಮ್ಮ ಗೋಡೆಯ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಒಂದು ದಿನ ಎಡಗೈ ಚಾಚಿ, ಗಾಳಿ ಒತ್ತುವ ತಿದಿಯನ್ನು ಅದುಮಿ ಹಿಡಿದಳು. ಸ್ವರ ನಿಂತಿತು. ಮೇಷ್ಟ್ರು ಪೆಟ್ಟಿಗೆ ಮುಚ್ಚಿ ಹಿತ್ತಿಲಿಗೆ ಹೋದರು.

ಮಗ ಮಹಾಲಿಂಗ ಅಪ್ಪನನ್ನು ಕೇಳದೆಯೇ ಎಸ್‌ಟಿಡಿ ಬೂತಿನಿಂದ ಗುಂಡ್ಲುಪೇಟೆಗೆ ಫೋನ್ ಮಾಡಿದ. ಮಾರನೆಯ ದಿನವೇ ತೆರಕಣಾಂಬಿ ಮೇಲೆ ಬರುವ ಬಸ್ಸಿನಲ್ಲಿ ಮೂಗಮ್ಮ ಬಂದಿಳಿದಳು.

“ಇಷ್ಟೆಲ್ಲ ಆದ್ರೂ ಒಂದ್ ಮಾತ್ ತಿಳಿಸ್ನಿಲ್ವಲ್ಲ ಭಾವ,” ಎಂದಳು ಹೊಸ್ತಿಲಲ್ಲಿ ನಿಂತು.

ಮೇಷ್ಟ್ರು ತಲೆ ತಗ್ಗಿಸಿ, “ಒಳಿಕ್ ಬಾಮ್ಮಿ,” ಎಂದರು. ಕಾಫಿ ಕಾಯಿಸುವ ನೆಪದಲ್ಲಿ ಅಡುಗೆಮನೆಗೆ ಹೋದರು.

ಮೂಗಮ್ಮ ಅಕ್ಕನ ಸತ್ತ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಹರಳೆಣ್ಣೆ ತಿಕ್ಕತೊಡಗಿದಳು. ಕೈ ಆಡಿದ ಹಾಗೆ ಗುನುಗು ತಾನಾಗಿ ಬಂತು. ಅವಳಿಗೆ ಬೇರೆ ಇರಾದೆಯೇನೂ ಇರಲಿಲ್ಲ. ‘ಸಮಾಧಾನದೊಡೆಯ’ ಎಂದು ಎಳೆದು, ಉಸಿರಿಗೆಂದು ನಿಲ್ಲಿಸಿದಳು.

“ಬಂದು ನಮ್ಮಲಿ ತಂಗು,” ಎಂದಿತು ಇನ್ನೊಂದು ದನಿ.

ಕಾಫಿ ಲೋಟ ಹಿಡಿದು ಬಂದ ಮೇಷ್ಟ್ರು ಬಾಗಿಲಲ್ಲೇ ನಿಂತರು. ಒಂದೂವರೆ ತಿಂಗಳು ‘ಬಾ’ ಎಂಬುದರಾಚೆ ಒಂದಕ್ಷರ ಆಡದಿದ್ದ ಹೆಂಡತಿ ಚರಣದಿಂದ ಚರಣಕ್ಕೆ ಹೋಗುತ್ತಿದ್ದಳು, ಒಂದು ಮಾತೂ ತೊದಲದೆ. ಬೀಸೋಕಲ್ಲಿನ ಧಾಟಿಯಲ್ಲಿ. ಹಾಡು ಮುಗಿದ ಮೇಲೆ ಏನೋ ಹೇಳಲು ಬಾಯಿ ತೆರೆದಳು. ಮತ್ತೆ ‘ಬಾ, ಬಾ’ ಎಂದಷ್ಟೇ ಬಂತು. ಆದರೆ ಈ ಸಲ ಅವಳು ಲೋಟ ತಳ್ಳಲಿಲ್ಲ, ಅತ್ತಳು.

ಅವಳು ನಿದ್ದೆ ಹೋದ ಮೇಲೆ ಮೇಷ್ಟ್ರು ಜಗಲಿಯಲ್ಲಿ ಕೇಳಿದರು: “ಇದ್ನ ಅವ್ಳು ಯಾವಾಗ ಕಲ್ತಿದ್ದು? ಒಂದಿನಾನೂ ಹಾಡಿದ್ ಕೇಳ್ನಿಲ್ಲ ನಾನು.”

“ಕಲ್ಯಾದೇನ್ ಬಂತು ಭಾವ? ನಮ್ಮವ್ವ ರಾಗಿ ಬೀಸ್ವಾಗ ನಾವಿಬ್ರೂ ಮಗ್ಗುಲಲ್ ಕುಂತಿರ್ತಿದ್ದೊ. ಅವ್ವುಂಗೆ ಓದಾಕ್ ಬರ್ತಿರ್ನಿಲ್ಲ. ಪಾದ್ರಿ ಹೆಂಡ್ತಿ ಪದ ಹೇಳ್ಕೊಟ್ಲು, ಧಾಟಿ ನಮ್ಮವ್ವುಂದೇ. ಮದ್ವೆಯಾಗಿ ಇಲ್ಲಿಗ್ ಬಂದ ಹೊಸ್ದ್ರಲ್ಲಿ ಅಕ್ಕ ಒಂದ್ ಕಾಗ್ದ ಬರ್ದಿದ್ಲು. ‘ಇಲ್ಲಿ ಧಾಟಿ ಬ್ಯಾರೆ, ಕಲ್ತ್ಕೋತಾ ಇವ್ನಿ’ ಅಂತ.”

ಮೇಷ್ಟ್ರಿಗೆ ಆ ದಿನಗಳು ನೆನಪಿದ್ದವು. ಹೊಸ ಹೆಂಡತಿ ಒಂದೇ ವಾರದಲ್ಲಿ ಇಂಗ್ಲಿಷ್ ಧಾಟಿ ಕಲಿತಳೆಂದು ಸಭೆಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದರು. ಅದಕ್ಕಾಗಿ ಅವಳು ಏನನ್ನು ಬದಿಗಿಟ್ಟಳು ಎಂದು ಕೇಳಬೇಕೆಂಬುದು ಮೂವತ್ತು ವರ್ಷದಲ್ಲಿ ಒಂದು ದಿನವೂ ತೋಚಿರಲಿಲ್ಲ.

“ನಂಗೂ ಹೇಳ್ಕೊಡಮ್ಮಿ,” ಎಂದರು.

ಮೂಗಮ್ಮ ಒಂದು ವಾರ ಉಳಿದಳು. ಆ ಧಾಟಿ ಪೆಟ್ಟಿಗೆಗೆ ಬಗ್ಗಲಿಲ್ಲ. ‘ತಂಗು’ ಎಂಬಲ್ಲಿ ದನಿ ಹಾರ್ಮೋನಿಯಮ್ಮಿನ ಎರಡು ಸ್ವರದ ಮನೆಗಳ ನಡುವೆ ಎಲ್ಲೋ ಜಾರುತ್ತಿತ್ತು. ಬಿಳಿ ಮನೆಯಲ್ಲೂ ಇರಲಿಲ್ಲ, ಕರಿ ಮನೆಯಲ್ಲೂ ಇರಲಿಲ್ಲ. ಮೂರನೆಯ ದಿನ ಮೇಷ್ಟ್ರು ಬರಿಯ ಶ್ರುತಿ ಹಿಡಿದು ತಿದಿ ಒತ್ತುತ್ತಾ, ಬಾಯಲ್ಲೇ ಕಲಿತರು. ತಪ್ಪಿದಾಗಲೆಲ್ಲ ಚಿಕ್ಕಮಾದಮ್ಮ ಎಡಗೈಯಿಂದ ಅವರ ಮೊಣಕಾಲಿಗೆ ತಟ್ಟುತ್ತಿದ್ದಳು.

ಕ್ರಿಸ್ಮಸ್ ಹೊತ್ತಿಗೆ ಹಾಡಿನಿಂದ ಒಂದೊಂದೇ ಮಾತು ಬಿಡಿಸಿಕೊಂಡು ಬಂತು. ಮೇಷ್ಟ್ರು ಗಂಜಿ ಕುಡಿಸುತ್ತಿದ್ದಾಗ ಅವಳು ಮುಖ ಸಿಂಡರಿಸಿ, ನಿಧಾನವಾಗಿ, ರಾಗವಿಲ್ಲದೆ ಹೇಳಿದಳು:

“ಉಪ್ಪೇ... ಆಕಿಲ್ಲ.”

ಮೇಷ್ಟ್ರು ಉಪ್ಪು ತರಲು ಎದ್ದರು. ಅಡುಗೆಮನೆಯಲ್ಲಿ ಡಬ್ಬ ಕಣ್ಣೆದುರಿಗೇ ಇದ್ದರೂ, ಕಣ್ಣು ಮಂಜಾಗಿ, ಅದನ್ನು ಹುಡುಕಲು ಅವರಿಗೆ ಬಹಳ ಹೊತ್ತು ಹಿಡಿಯಿತು.