ಐದು ಬೆರಳಿನ ಅರ್ಜಿ

ಬುಧವಾರ, 2023ರ ಮೇ 31, ಸಂಜೆ ನಾಲ್ಕೂ ಹತ್ತು. ಆರ್ಲನ್ ಪ್ರುವಿಟ್ ಇನ್ನೂ ಅರ್ಜಿ ಸಲ್ಲಿಸಿರಲಿಲ್ಲ. ಗಡುವು ಅಂದೇ ಮುಗಿಯುತ್ತಿತ್ತು.

ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿತ್ತು. ಪಕ್ಕದಲ್ಲಿ ಗುಂಡು ತೆಗೆದಿಟ್ಟ ಪಿಸ್ತೂಲು; ಅದರ ಹಿಂಬದಿಯಲ್ಲಿ ಮುಂಗೈಗೆ ಬಿಗಿದುಕೊಳ್ಳುವ ಬ್ರೇಸ್. ಮರದ ಮಿಲ್ಲಿನಲ್ಲಿ ಎಡಗೈ ಕಳೆದುಕೊಂಡ ಮೇಲೆ ಅದಿಲ್ಲದೆ ಆರ್ಲನ್‌ಗೆ ಗುರಿ ನಿಲ್ಲುತ್ತಿರಲಿಲ್ಲ. ಜನವರಿಯಲ್ಲಿ ಬಂದ ಅಮೆರಿಕದ ಕೇಂದ್ರ ಸರ್ಕಾರದ ನಿಯಮದ ಪ್ರಕಾರ ಇಂಥದ್ದು ಇನ್ನು ಪಿಸ್ತೂಲಲ್ಲ, ಗಿಡ್ಡ ನಳಿಗೆಯ ರೈಫಲ್. ಅದನ್ನು ನೋಂದಾಯಿಸಬೇಕು, ಇಲ್ಲವೇ ಬ್ರೇಸ್ ಕಿತ್ತುಹಾಕಬೇಕು. ಏನೂ ಮಾಡದೆ ಸಿಕ್ಕಿಬಿದ್ದರೆ ಹತ್ತು ವರ್ಷದವರೆಗೆ ಜೈಲು.

ಓಹಾಯೋದ ಆ ಊರಿನ ಶೂಟಿಂಗ್ ಕ್ಲಬ್ಬಿನಲ್ಲಿ ಇಂಥ ಪಿಸ್ತೂಲಿದ್ದವರು ಹನ್ನೆರಡು ಜನ. ಯಾರೂ ನೋಂದಾಯಿಸಬಾರದೆಂದು ಮಾರ್ಚ್‌ನಲ್ಲಿ ಕೈಯೆತ್ತಿ ತೀರ್ಮಾನಿಸಿದ್ದರು. ಆರ್ಲನ್ ಕೂಡ ಎತ್ತಿದ್ದ.

ಅವನು ಎದ್ದು ಫ್ರಿಜ್ ತೆರೆದ, ಏನೂ ತೆಗೆಯದೆ ಮುಚ್ಚಿದ. ಅಷ್ಟರಲ್ಲಿ ಕ್ಲಬ್ಬಿನ ಕಾರ್ಯದರ್ಶಿ ವೆಂಡೆಲ್ ಕೊಗಾರ್ ಹಿಂಬಾಗಿಲಿನಿಂದ ಒಳಗೆ ಬಂದ.

“ನಿನ್ನೆ ಶೆರೀಫ್ ಆಫೀಸಿಗೆ ಹೋಗಿದ್ಯಂತೆ.”

“ಊರಲ್ಲಿ ಯಾರಿಗೂ ಬೇರೆ ಕೆಲಸ ಇಲ್ವಾ?”

“ಅರ್ಜಿಗೆ ನಿನ್ನ ಬೆರಳಚ್ಚು ತಗೊಂಡೋಳು ನನ್ನ ನಾದಿನಿ ಕಣೋ. ಎಡಗೈನ ಐದು ಚೌಕಕ್ಕೂ ‘ಕೈ ಇಲ್ಲ’ ಅಂತ ಬರೆದ್ಲಂತೆ. ಅರ್ಧ ಫೀಸು ಕೊಟ್ಟು ಬರ್ಬೇಕಿತ್ತು ನೀನು.”

ಆರ್ಲನ್ ನಗಲಿಲ್ಲ. ವೆಂಡೆಲ್ ಪರದೆಯತ್ತ ಬೆರಳು ತೋರಿಸಿದ.

“ಹೆಸರು ಕೊಟ್ರೆ ಮುಗೀತು ಮಾರಾಯ. ನಾಳೆ ಗನ್ ಕಿತ್ಕೊಳ್ಳೋಕೆ ಬಾಗಿಲು ತಟ್ಟೋ ಸರ್ಕಾರದೋರು ವಿಳಾಸಾನೂ ಹುಡುಕ್ಬೇಕಾಗಿಲ್ಲ. ಈ ನಿಯಮದ ಮೇಲೆ ಕೋರ್ಟಲ್ಲಿ ಕೇಸು ನಡೀತಿದೆ. ಹನ್ನೊಂದು ಜನ ಕಾಯ್ತಿಲ್ವಾ?”

“ಹನ್ನೊಂದು ಜನಕ್ಕೂ ಎರಡೆರಡು ಕೈ ಇದೆ, ವೆಂಡೆಲ್. ಬ್ರೇಸ್ ಬಿಚ್ಚಿಟ್ರೂ ನೀವು ಗುರಿ ಹೊಡೀತೀರಿ.”

ಆರ್ಲನ್‌ನ ಹೆಂಡತಿ ನೆಡಾ ಸಿಂಕಿನ ಬಳಿಯಿಂದ ತಿರುಗಿದಳು. “ಕಾಫಿ ಕುಡೀತೀಯಾ, ಇಲ್ಲ ಬರೀ ಬೈಯೋಕೆ ಬಂದ್ಯಾ?”

“ಕಾಫಿ ಕೊಡು.”

ವೆಂಡೆಲ್ ನಿಂತೇ ಕುಡಿದ. ಕಪ್ಪನ್ನು ತೊಳೆದಿಟ್ಟ. “ಶನಿವಾರ ಕ್ಲಬ್ಬಲ್ಲಿ ಯಾರಾದ್ರೂ ನಿನ್ ಜೊತೆ ಮಾತಾಡ್ತಾರೆ ಅನ್ಕೋಬೇಡ,” ಎಂದು ಹೇಳಿ ಹೊರಟ.

ಆರ್ಲನ್ ಕುಳಿತ, ಮತ್ತೆ ಎದ್ದ. ಕಿಟಕಿಯವರೆಗೆ ಹೋಗಿ ವೆಂಡೆಲ್‌ನ ಗಾಡಿ ತಿರುವು ದಾಟುವವರೆಗೆ ನೋಡಿದ. ಅವರಿಬ್ಬರದು ಮೂವತ್ತು ವರ್ಷದ ಸ್ನೇಹ.

“ಕ್ಲಬ್ಬಿಗೆ ಹೋಗೋದೇ ಬಿಡ್ತೀಯಾ?” ನೆಡಾ ಕೇಳಿದಳು.

“ಹೋಗ್ತೀನಿ. ಗುರಿ ಹೊಡೆಯೋದಕ್ಕೆ ತಾನೇ ಇಷ್ಟೆಲ್ಲ.”

ಐದೂ ಇಪ್ಪತ್ತಕ್ಕೆ ಅವನು ಅರ್ಜಿ ಕಳಿಸಿದ. ಅರ್ಜಿ ತಲುಪಿತೆಂದು ಪರದೆಯ ಮೇಲೆ ಬಂತು; ಒಪ್ಪಿಗೆ ಬರುವವರೆಗೆ ಪಿಸ್ತೂಲು ಇಟ್ಟುಕೊಳ್ಳಲು ಆ ರಸೀದಿ ಸಾಕಿತ್ತು.

ಶನಿವಾರ ಹನ್ನೆರಡೂ ಜನ ಕ್ಲಬ್ಬಿಗೆ ಬಂದರು. ಹನ್ನೊಂದು ಜನ ಬೇಟೆ ಬಂದೂಕು, ರಿವಾಲ್ವರು ತಂದಿದ್ದರು. ಬ್ರೇಸ್ ಇದ್ದ ಪಿಸ್ತೂಲು ತಂದವನು ಆರ್ಲನ್ ಒಬ್ಬನೇ.